ಎಷ್ಟು ನೋಡಿದರೆ ಸಾಕು? ಅಬ್ರಹಾಂ ವಾಲ್ಡ್ ಅವರ ಬದುಕು

ಮೈ ತುಂಬ ಕೆಂಪು ಚುಕ್ಕಿ ಇರುವ ಒಂದು ವಿಮಾನದ ಚಿತ್ರವನ್ನು ನೀವೆಲ್ಲ ನೋಡೇ ಇರ್ತೀರಿ. ಯುದ್ಧಕ್ಕೆ ಹೋಗಿ ವಾಪಸ್ ಬಂದ ವಿಮಾನಗಳಿಗೆ ಎಲ್ಲೆಲ್ಲಿ ಗುಂಡು ತಗುಲಿತ್ತು ಅಂತ ತೋರಿಸೋ ಚಿತ್ರ. ಚುಕ್ಕಿ ಇರೋ ಕಡೆ ಅಲ್ಲ, ಇಲ್ಲದ ಕಡೆ ತಗಡು ಹಾಕಿ ಗಟ್ಟಿ ಮಾಡಬೇಕು, ಯಾಕಂದ್ರೆ ಅಲ್ಲಿ ಏಟು ತಿಂದ ವಿಮಾನಗಳು ವಾಪಸ್ಸೇ ಬರಲಿಲ್ಲ ಅನ್ನೋ ಕಥೆ ಅದರ ಜೊತೆ ಇರುತ್ತೆ. ವಾಟ್ಸಾಪ್, ರೀಲ್ಸ್, ಪ್ಲೇಸ್‌ಮೆಂಟ್ ಟ್ರೇನಿಂಗಿನ ಸ್ಲೈಡು, ಎಲ್ಲ ಕಡೆ ಅದು ಓಡಾಡ್ತಾ ಇದೆ. ಕೆಳಗೆ ಅಬ್ರಹಾಂ ವಾಲ್ಡ್ ಅಂತ ಒಂದು ಹೆಸರು.

ಆ ಚಿತ್ರ ವಾಲ್ಡ್ ಬಿಡಿಸಿದ್ದಲ್ಲ. ಅವರು ತೀರಿಕೊಂಡು ಎಷ್ಟೋ ದಶಕ ಆದ ಮೇಲೆ, ಅವರ ವಿಚಾರವನ್ನು ವಿವರಿಸೋಕೆ ಅಂತ ಬೇರೆಯವರು ಮಾಡಿದ್ದು. ವಿಮಾನದ ಲೆಕ್ಕ ಅವರು ಮಾಡಿದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ, ಅದು ನಮ್ಮ ಬ್ರಾಂಚಿನ ಪಾಠಗಳಿಗೆ ಹತ್ತಿರವಾದದ್ದು. ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ: ಯುರೋಪಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಈ ಗಣಿತಜ್ಞರು ಕೊನೆಯುಸಿರು ಎಳೆದದ್ದು ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ.

ಅವರ ಬದುಕಿಗೆ ಹೋಗೋ ಮುಂಚೆ, ನಮಗೆ ಅವರು ಯಾಕೆ ಬೇಕಾದರು ಅಂತ ಹೇಳಿಬಿಡ್ತೀವಿ.

ನಮ್ಮೂರು ತಿರ್ಲಾಪುರ, ನವಲಗುಂದ ತಾಲೂಕು. ಸುತ್ತಲೂ ಎರಿ ಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಬಿಳಿಜೋಳ. ಈ ತಾಲೂಕಿನವರಿಗೆ ಬೆಣ್ಣೆಹಳ್ಳದ ಬಗ್ಗೆ ಬಿಡಿಸಿ ಹೇಳೋದು ಬೇಕಿಲ್ಲ. ಶಿಗ್ಗಾವಿ ತಾಲೂಕಿನ ದುಂಡಶಿ ಕಡೆ ಹುಟ್ಟಿ, ಹುಬ್ಬಳ್ಳಿ, ಕುಂದಗೋಳ ಭಾಗದ ನೀರು ಹೊತ್ತುಕೊಂಡು, ನವಲಗುಂದ ತಾಲೂಕು ದಾಟಿ ಮುಂದೆ ಮಲಪ್ರಭೆಗೆ ಸೇರುತ್ತೆ. ವರ್ಷದ ಬಹಳ ದಿನ ಹಳ್ಳದಾಗ ನೀರು ಅಷ್ಟಕ್ಕಷ್ಟೇ. ಮೇಲಿನ ಕಡೆ ಮಳೆ ಹೊಡೆದರೆ ಮಾತ್ರ ಕಥೆನೇ ಬೇರೆ. ನಮ್ಮ ತಲೆ ಮೇಲೆ ಒಂದು ಹನಿ ಬೀಳದಿದ್ರೂ ಹಳ್ಳ ಬಂದುಬಿಡುತ್ತೆ. ಹೊಲ, ರಸ್ತೆ ಎಲ್ಲ ನೀರಿನಡಿ.

ಹಳ್ಳದ ದಂಡಿ ಮೇಲೆ ನೀರಿನ ಮಟ್ಟ ಅಳೆಯೋ ಒಂದು ವೈರ್‌ಲೆಸ್ ಸೆನ್ಸರ್ ನಿಲ್ಲಿಸಬೇಕು ಅಂತ ಇಟ್ಕೊಳ್ಳಿ. ಅಲ್ಲಿ ಕರೆಂಟಿನ ಲೈನ್ ಇಲ್ಲ. ಅಂಗೈ ಅಗಲದ ಸೋಲಾರ್ ಪ್ಯಾನೆಲ್, ಸಣ್ಣ ಬ್ಯಾಟರಿ, ಒಂದು ರೇಡಿಯೋ, ಅಷ್ಟೇ. ಕ್ಷಣಕ್ಕೊಮ್ಮೆ ಅಳೆದು ಕಳಿಸ್ತಾ ಕೂತರೆ ಬ್ಯಾಟರಿ ಖಾಲಿ. ಗಂಟೆಗೊಮ್ಮೆ ನೋಡಿದರೆ ಅಷ್ಟರಲ್ಲಿ ಹಳ್ಳ ದಂಡಿ ಮೀರಿರುತ್ತೆ. ಒಂದು ಕೊಂಬೆ ತೇಲಿ ಬಂದರೂ, ಎಮ್ಮೆ ನೀರಿಗಿಳಿದರೂ ರೀಡಿಂಗ್ ಕುಣಿಯುತ್ತೆ. ಅಷ್ಟಕ್ಕೆಲ್ಲ ಸೈರನ್ ಹೊಡೆದರೆ ಮೂರನೇ ಸಲ ಊರಾಗ ಯಾರೂ ಎದ್ದು ಬರಲ್ಲ. ಇದರ ಮೇಲೆ ಇನ್ನೊಂದು ಕಷ್ಟ: ಮಳೆಮೋಡ ಕವಿದ ದಿನವೇ ಪ್ಯಾನೆಲ್‌ಗೆ ಬಿಸಿಲಿಲ್ಲ. ಯಾವ ದಿನ ಕಣ್ಣು ಬಿಟ್ಟುಕೊಂಡು ಕೂರಬೇಕೋ ಅದೇ ದಿನ ಬುತ್ತಿ ಖಾಲಿ.

ಹಾಗಾದ್ರೆ ಎಷ್ಟು ನೋಡಿದರೆ ಸಾಕು? ಯಾವಾಗ ನೋಡೋದು ನಿಲ್ಲಿಸಿ ಹೌದು ಅಥವಾ ಅಲ್ಲ ಅಂತ ಹೇಳಬೇಕು? ಈ ಪ್ರಶ್ನೆಗೆ ಗಟ್ಟಿಯಾದ ಗಣಿತದ ತಳಪಾಯ ಹಾಕಿದವರು ವಾಲ್ಡ್.

ವಾಲ್ಡ್ ಹುಟ್ಟಿದ್ದು 1902ರ ಅಕ್ಟೋಬರ್ 31ರಂದು, ಕೊಲೊಜ್‌ವಾರ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಊರು ರುಮೇನಿಯಾಕ್ಕೆ ಹೋಯ್ತು, ಹೆಸರು ಕ್ಲೂಜ್ ಅಂತಾಯ್ತು. 1956ರಲ್ಲಿ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ ನಮ್ಮ ಅಜ್ಜಂದಿರು ಇದ್ದಲ್ಲೇ ಇದ್ದು ರಾಜ್ಯ ಬದಲಾಯಿಸಿದ ಹಾಗೆ, ವಾಲ್ಡ್ ಮನೆಯವರು ಇದ್ದಲ್ಲೇ ಇದ್ದು ದೇಶ ಬದಲಾಯಿಸಿದರು.

ಅವರದು ಮಡಿ ಪಾಲಿಸುವ ಯಹೂದಿ ಕುಟುಂಬ. ತಂದೆ ಬ್ರೆಡ್ ಸುಡುವ ಬೇಕರಿಯವರು. ಯಹೂದಿಗಳಿಗೆ ಶನಿವಾರ ಕೆಲಸ ಮಾಡದೆ ದೇವರಿಗೆ ಮೀಸಲಿಡೋ ದಿನ. ಊರಿನ ಶಾಲೆಯಲ್ಲಿ ಶನಿವಾರವೂ ಪಾಠ. ಹಾಗಾಗಿ ಹುಡುಗ ಶಾಲೆಗಿಂತ ಹೆಚ್ಚಾಗಿ ಮನೆಯಲ್ಲೇ ಕಲಿತ. ಒಬ್ಬ ಅಣ್ಣ ಎಲೆಕ್ಟ್ರಿಕಲ್ ಇಂಜಿನಿಯರ್. ಕಾಲೇಜಿಗೆ ಹೋಗೋ ಹೊತ್ತಿಗೆ ಗಣಿತ ಕೈಗೆ ಬಂದಿತ್ತು.

1928ರಲ್ಲಿ ಕ್ಲೂಜ್ ವಿಶ್ವವಿದ್ಯಾಲಯದ ಓದು ಮುಗಿಸಿ, ಮುಂದೆ ವಿಯೆನ್ನಾದಲ್ಲಿ ಕಾರ್ಲ್ ಮೆಂಗರ್ ಅವರ ಹತ್ತಿರ ಸಂಶೋಧನೆಗೆ ಸೇರಿದರು. ಅಲ್ಲಿ ಅವರು ಕೂತಿದ್ದು ಮೂರೇ ಕೋರ್ಸುಗಳಿಗೆ. ಅಟೆಂಡೆನ್ಸ್ ಶಾರ್ಟೇಜ್ ಇದ್ದಿದ್ರೆ ಏನಾಗ್ತಿತ್ತೋ! 1931ರಲ್ಲಿ ಪಿಎಚ್‌ಡಿ ಬಂತು. ಮೆಂಗರ್ ನಡೆಸುತ್ತಿದ್ದ ಚರ್ಚಾಕೂಟಕ್ಕೆ ಕುರ್ಟ್ ಗೋಡೆಲ್ ಕೂಡ ಬರ್ತಿದ್ದರು. ವಾಲ್ಡ್ ಆಗ ಮಾಡ್ತಿದ್ದದ್ದು ಶುದ್ಧ ಜ್ಯಾಮಿತಿ. ಸೆನ್ಸರ್, ಸಿಗ್ನಲ್, ಸಂಖ್ಯಾಶಾಸ್ತ್ರ ಇವ್ಯಾವುದರ ಗಾಳಿಯೂ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ವಿಯೆನ್ನಾದಲ್ಲಿ ಅವರಿಗೆ ಮೇಷ್ಟ್ರ ಕೆಲಸ ಸಿಗಲಿಲ್ಲ. ಯಹೂದಿ, ಅದರ ಮೇಲೆ ಹೊರಗಿನವರು. ಮೆಂಗರ್ ಹೊಟ್ಟೆಪಾಡಿಗೆ ಒಂದು ದಾರಿ ಮಾಡಿಕೊಟ್ಟರು: ಕಾರ್ಲ್ ಶ್ಲೆಸಿಂಗರ್ ಎಂಬ ಬ್ಯಾಂಕರಿಗೆ ಮನೆಪಾಠ. ಆಮೇಲೆ ಆಸ್ಕರ್ ಮಾರ್ಗನ್‌ಸ್ಟರ್ನ್ ನಡೆಸುತ್ತಿದ್ದ ವ್ಯಾಪಾರದ ಏರಿಳಿತ ಅಧ್ಯಯನ ಮಾಡೋ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

ಆ ಸಂಸ್ಥೆಯಲ್ಲಿ ಜ್ಯಾಮಿತಿಯ ಮನುಷ್ಯನ ಕೈಗೆ ಮೊದಲ ಸಲ ಕಾಲದ ಜೊತೆ ಕುಣಿಯೋ ಅಂಕಿಗಳು ಬಂದವು. ಹುಬ್ಬಳ್ಳಿ ಎಪಿಎಂಸಿಯ ಉಳ್ಳಾಗಡ್ಡಿ ರೇಟು ನೆನಪಿಸಿಕೊಳ್ಳಿ. ಹೊಸ ಬೆಳೆ ಬಂದಾಗ ಇಳಿಯುತ್ತೆ, ಮಾಲು ಕಡಿಮೆಯಾದಾಗ ಏರುತ್ತೆ. ಅದು ಹಂಗಾಮಿನ ಆಟ, ಅದರಲ್ಲಿ ಹೊಸದೇನಿಲ್ಲ. ಹಂಗಾಮಿನ ಪಾಲನ್ನು ತೆಗೆದು ಹಾಕಿದ ಮೇಲೆ ಉಳಿಯೋದರಲ್ಲಿ ಏನಾದರೂ ನಿಜವಾದ ಬದಲಾವಣೆ ಇದೆಯಾ ಅನ್ನೋದು ಪ್ರಶ್ನೆ. ಇಂಥ ಹಂಗಾಮಿ ಏರಿಳಿತವನ್ನು ಲೆಕ್ಕ ಹಾಕಿ ತೆಗೆಯೋದು ಹೇಗೆ ಅಂತಲೇ ವಾಲ್ಡ್ 1936ರಲ್ಲಿ ಒಂದು ಪುಸ್ತಕ ಬರೆದರು. ಮಾಮೂಲಿ ಏರಿಳಿತ ಯಾವುದು, ನಿಜವಾದ ಬದಲಾವಣೆ ಯಾವುದು ಅನ್ನೋ ಹುಡುಕಾಟ ಅವರಲ್ಲಿ ಆಗಲೇ ಶುರುವಾಗಿತ್ತು.

1938ರ ಮಾರ್ಚ್ 12ರಂದು ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಗೆ ಬಂತು. ಬ್ಯಾಂಕರ್ ಶ್ಲೆಸಿಂಗರ್ ಆಗಲೇ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ವಾಲ್ಡ್ ಕೆಲಸ ಹೋಯ್ತು. ಅದೃಷ್ಟಕ್ಕೆ ಅಮೆರಿಕದ ಕೌಲ್ಸ್ ಕಮಿಷನ್ ಎಂಬ ಅರ್ಥಶಾಸ್ತ್ರದ ಸಂಸ್ಥೆಯಿಂದ ಕರೆ ಬಂತು. ಅದೇ ವರ್ಷ ಅವರು ಅಟ್ಲಾಂಟಿಕ್ ದಾಟಿದರು. ತಂದೆ ತಾಯಿ, ಒಡಹುಟ್ಟಿದವರು ಅಲ್ಲೇ ಉಳಿದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ನಾಜಿಗಳು ಕೊಂದುಹಾಕಿದರು. ಬದುಕಿ ಉಳಿದು ವಾಲ್ಡ್ ಹತ್ತಿರ ಅಮೆರಿಕಕ್ಕೆ ಬಂದವರು ಒಬ್ಬ ಸಹೋದರ ಮಾತ್ರ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಹೊಟೆಲಿಂಗ್ ಅವರ ಜೊತೆ ವಾಲ್ಡ್ ಸಂಖ್ಯಾಶಾಸ್ತ್ರಕ್ಕೆ ಪೂರ್ತಿಯಾಗಿ ಇಳಿದರು. ಆಗ ಅವರಿಗೆ ವಯಸ್ಸು 36. ಮೂರನೇ ಸೆಮಿಸ್ಟರಿನಲ್ಲೇ ಬ್ರಾಂಚ್ ಬದಲಾಯಿಸೋಕೆ ತಡವಾಯ್ತು ಅಂತ ಕೊರಗೋ ನಮಗೆ ಇದು ಸ್ವಲ್ಪ ಧೈರ್ಯ ಕೊಡಬೇಕು. ಅವರ ಪಾಠ ಎಷ್ಟು ಸ್ವಚ್ಛ ಇರ್ತಿತ್ತು ಅಂದ್ರೆ, ವಿದ್ಯಾರ್ಥಿಗಳು ಬರೆದುಕೊಂಡ ನೋಟ್ಸ್ ಕೈಯಿಂದ ಕೈಗೆ ಓಡಾಡ್ತಿದ್ದವು. 1941ರಲ್ಲಿ ಲೂಸಿಲ್ ಲಾಂಗ್ ಅವರ ಜೊತೆ ಮದುವೆ ಆಯ್ತು.

ಅಷ್ಟರಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಸೈನ್ಯದ ಪ್ರಶ್ನೆಗಳಿಗೆ ಉತ್ತರ ಹುಡುಕೋಕೆ ಅಂತ ಕೊಲಂಬಿಯಾದಲ್ಲೇ ಸಂಖ್ಯಾಶಾಸ್ತ್ರಜ್ಞರ ಒಂದು ಗುಂಪು ಕೂಡಿತು. ಅಲೆನ್ ವಾಲಿಸ್, ಮಿಲ್ಟನ್ ಫ್ರೀಡ್‌ಮನ್, ಜೇಕಬ್ ವುಲ್ಫೊವಿಟ್ಸ್, ವಾಲ್ಡ್ ಎಲ್ಲ ಅದರಲ್ಲಿದ್ದರು. ಈ ಫ್ರೀಡ್‌ಮನ್ ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು.

ಒಮ್ಮೆ ನೌಕಾಪಡೆಯ ಒಬ್ಬ ಅಧಿಕಾರಿ ತೋಪಿನ ಗುಂಡುಗಳ ಪರೀಕ್ಷೆ ಬಗ್ಗೆ ತಕರಾರು ತೆಗೆದರು. ಪುಸ್ತಕದ ಪ್ರಕಾರ ಇಷ್ಟು ಸಾವಿರ ಗುಂಡು ಹಾರಿಸಿ ನೋಡಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಆದರೆ ಅನುಭವ ಇರೋ ಮನುಷ್ಯನಿಗೆ ಅರ್ಧ ದಾರಿಯಲ್ಲೇ ಗೊತ್ತಾಗಿಬಿಡುತ್ತೆ, ಈ ಮಾಲು ಒಳ್ಳೇದು ಅಥವಾ ಕೆಟ್ಟದ್ದು ಅಂತ. ಉಳಿದ ಗುಂಡು ಸುಮ್ನೆ ಯಾಕೆ ಸುಡಬೇಕು? ವಾಲಿಸ್ ಮತ್ತು ಫ್ರೀಡ್‌ಮನ್‌ಗೆ ಈ ತಕರಾರಿನಲ್ಲಿ ಗಣಿತ ಇದೆ ಅನ್ನಿಸಿತು. 1943ರ ಶುರುವಿನಲ್ಲಿ ಅದನ್ನು ವಾಲ್ಡ್ ಹತ್ತಿರ ಒಯ್ದರು. ಮೊದಲ ದಿನ ಅವರಿಗೆ ಅಷ್ಟು ನಂಬಿಕೆ ಬರಲಿಲ್ಲ. ಒಂದೆರಡು ದಿನದಲ್ಲಿ ತಾವೇ ಫೋನ್ ಮಾಡಿ, ಇದು ಆಗುತ್ತೆ ಅಂತ ತಿಳಿಸಿದರು.

ಅವರು ಮಾಡಿದ್ದನ್ನು ಸರಳವಾಗಿ ಹೇಳೋದಾದ್ರೆ ಹೀಗೆ. ನಮ್ಮ ಮುಂದೆ ಎರಡು ಸಾಧ್ಯತೆ ಇದೆ ಅಂದುಕೊಳ್ಳಿ: ಹಳ್ಳ ಬಂದಿದೆ, ಅಥವಾ ಬಂದಿಲ್ಲ. ಒಂದು ರೀಡಿಂಗ್ ಬಂದ ಕೂಡಲೇ ಒಂದು ಅನುಪಾತ ತೆಗೀರಿ: ಹಳ್ಳ ಬಂದಿದ್ದರೆ ಇಂಥ ರೀಡಿಂಗ್ ಸಿಗೋ ಸಂಭವ, ಬರದಿದ್ದರೆ ಸಿಗೋ ಸಂಭವದ ಎಷ್ಟು ಪಟ್ಟು? ಪ್ರತಿ ರೀಡಿಂಗಿನ ಅನುಪಾತವನ್ನು ಹಿಂದಿನದಕ್ಕೆ ಗುಣಿಸ್ತಾ ಹೋಗಿ. ಎರಡೂ ಕಡೆ ತಪ್ಪಿನ ಸಂಭವ ಶೇಕಡಾ 5 ಇರಲಿ ಅಂತ ಒಪ್ಪಿದರೆ, ಗುಣಲಬ್ಧ 19 ಮುಟ್ಟಿದ ಕೂಡಲೇ ಹೌದು ಅನ್ನಿ. 19ರಲ್ಲಿ ಒಂದು ಪಾಲಿಗೆ ಇಳಿದರೆ ಇಲ್ಲ ಅನ್ನಿ. ನಡುವೆ ಇದ್ದರೆ ಇನ್ನೊಂದು ಸಲ ನೋಡಿ. ಈ 19 ಬಂದದ್ದು 0.95 ಭಾಗ 0.05ರಿಂದ. ಎಷ್ಟು ಸ್ಯಾಂಪಲ್ ಬೇಕು ಅನ್ನೋದನ್ನು ಮೊದಲೇ ಗೊತ್ತು ಮಾಡೋದಿಲ್ಲ, ಬರೋ ಸಾಕ್ಷಿಯೇ ಹೇಳುತ್ತೆ. ಅಷ್ಟೇ ನಂಬಿಕೆಯ ಹಳೇ ಪರೀಕ್ಷೆಗೆ ಹೋಲಿಸಿದರೆ ಸರಾಸರಿಯಲ್ಲಿ ಸುಮಾರು ಅರ್ಧ ಸ್ಯಾಂಪಲ್ ಸಾಕಾಗುತ್ತೆ. ಇದಕ್ಕಿಂತ ಕಡಿಮೆ ಸ್ಯಾಂಪಲ್ಲಿನಲ್ಲಿ ಇಷ್ಟೇ ಭರವಸೆ ಕೊಡೋ ಪರೀಕ್ಷೆ ಇಲ್ಲ ಅಂತ ವಾಲ್ಡ್ ಮತ್ತು ವುಲ್ಫೊವಿಟ್ಸ್ 1948ರಲ್ಲಿ ಸಾಧಿಸಿ ತೋರಿಸಿದರು.

ಯುದ್ಧ ಮುಗಿಯೋ ತನಕ ಈ ಕೆಲಸ ಸೈನ್ಯದ ಗುಟ್ಟು. ವಾಲ್ಡ್ ಬಂದದ್ದು ಶತ್ರು ಪಕ್ಷದ ನಾಡಿನಿಂದ. ಹಾಗಾಗಿ ಅವರು ಒಂದು ಹಾಳೆ ಬರೆದು ಮುಗಿಸಿದ ಕೂಡಲೇ ಅದನ್ನು ಅವರ ಕೈಯಿಂದ ಕಿತ್ಕೊಳ್ತಾರೆ, ತಮ್ಮ ಗುಟ್ಟು ತಾವೇ ಓದೋ ಹಾಗಿಲ್ಲ ಅಂತ ಆಫೀಸಿನಲ್ಲಿ ತಮಾಷೆ ಮಾಡ್ತಿದ್ದರಂತೆ. 1945ರಲ್ಲಿ ಗುಟ್ಟು ಬಿಡುಗಡೆ ಆಯ್ತು, 1947ರಲ್ಲಿ ಪುಸ್ತಕ ಬಂತು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಬರ್ನಾರ್ಡ್ ಕೂಡ ಇದೇ ದಾರಿ ಹಿಡಿದಿದ್ದರು. ಅಲನ್ ಟ್ಯೂರಿಂಗ್ ಜರ್ಮನ್ ಸಂಕೇತ ಒಡೆಯೋಕೆ ಇಂಥದ್ದೇ ಲೆಕ್ಕ ಬಳಸಿದ್ದರು ಅಂತ ಬಹಳ ವರ್ಷದ ಮೇಲೆ ಹೊರಬಿತ್ತು. ನಮಗೆ ಹೆಮ್ಮೆ ಅನ್ನಿಸಿದ ಮಾತು ಇನ್ನೊಂದು: ಬಂಗಾಳದಲ್ಲಿ ಸೆಣಬು ಎಷ್ಟು ಎಕರೆ ಬಿತ್ತಿದ್ದಾರೆ ಅಂತ ಪ್ರಶಾಂತಚಂದ್ರ ಮಹಲನೋಬಿಸ್ ಹಂತ ಹಂತವಾಗಿ ನಡೆಸಿದ ಸರ್ವೆಯನ್ನು ವಾಲ್ಡ್ ತಮ್ಮ ವಿಧಾನಕ್ಕೆ ಮುಂಚಿನ ಹೆಜ್ಜೆ ಅಂತ ಗುರುತಿಸಿದ್ದಾರೆ.

ಕೆಂಪು ಚುಕ್ಕಿಯ ಕಥೆಗೆ ಮೂಲವಾದ ಟಿಪ್ಪಣಿಗಳೂ 1943ರವೇ. ಇಷ್ಟು ಏಟು ತಿಂದ ವಿಮಾನ ಬದುಕಿ ಬರೋ ಸಂಭವ ಎಷ್ಟು, ಯಾವ ಭಾಗದ ಏಟು ಹೆಚ್ಚು ಅಪಾಯ ಅಂತ ವಾಪಸ್ ಬಂದ ವಿಮಾನಗಳಿಂದಲೇ ಅಂದಾಜು ಮಾಡೋ ಗಂಭೀರ ಗಣಿತ ಅವು. 1980ರಲ್ಲಿ ಅವನ್ನು ಮತ್ತೆ ಅಚ್ಚು ಹಾಕಿದರು.

1950ರಲ್ಲಿ ವಾಲ್ಡ್ ಅವರ ಇನ್ನೊಂದು ದೊಡ್ಡ ಪುಸ್ತಕ ಬಂತು, ತೀರ್ಮಾನ ಮಾಡೋದರ ಗಣಿತದ ಮೇಲೆ. ಅದರ ತಿರುಳು ನಮ್ಮ ಮಾತಿನಲ್ಲಿ: ನೋಡೋಕೂ ಖರ್ಚಿದೆ, ತಪ್ಪು ತೀರ್ಮಾನಕ್ಕೂ ಖರ್ಚಿದೆ, ಎರಡನ್ನೂ ಒಂದೇ ಖಾತೆಗೆ ಬರೀರಿ. ರೂಪಾಯಿಯ ಜಾಗದಲ್ಲಿ ಬ್ಯಾಟರಿಯ ಚಾರ್ಜ್ ಇಟ್ಟರೆ ಅದು ನಮ್ಮ ಸೆನ್ಸರಿನ ಖಾತೆಯೂ ಆಗುತ್ತೆ.

ಅದೇ ವರ್ಷ ಭಾರತ ಸರ್ಕಾರದ ಆಹ್ವಾನದ ಮೇಲೆ ವಾಲ್ಡ್ ಇಲ್ಲಿಗೆ ಉಪನ್ಯಾಸ ಪ್ರವಾಸಕ್ಕೆ ಬಂದರು. ಜೊತೆಗೆ ಲೂಸಿಲ್ ಕೂಡ ಇದ್ದರು. 1950ರ ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾ ವಿಮಾನ ನೀಲಗಿರಿಯ ಉತ್ತರ ಭಾಗದಲ್ಲಿ, ರಂಗಸ್ವಾಮಿ ಕಂಬ ಎಂಬ ಬಂಡೆಯ ಹತ್ತಿರ ಬೆಟ್ಟಕ್ಕೆ ಬಡಿಯಿತು. ಇಬ್ಬರೂ ಉಳಿಯಲಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಟ್ರಿಪ್ ಹೋದವರೆಲ್ಲ ಆ ಬೆಟ್ಟಸಾಲನ್ನು ಕಂಡಿದ್ದೇವೆ. ಯುದ್ಧ ವಿಮಾನಗಳು ಸುರಕ್ಷಿತವಾಗಿ ವಾಪಸ್ ಬರಲಿ ಅಂತ ಲೆಕ್ಕ ಹಾಕಿದವರು ಹತ್ತಿದ ವಿಮಾನ ವಾಪಸ್ ಬರಲಿಲ್ಲ. ಅವರಿಗೆ ವಯಸ್ಸು 48. ಅಮೆರಿಕದಲ್ಲಿ ಇಬ್ಬರು ಮಕ್ಕಳು ಉಳಿದರು, ಬೆಟ್ಟಿ ಮತ್ತು ರಾಬರ್ಟ್. ಮೂರು ವರ್ಷದ ಆ ರಾಬರ್ಟ್ ಮುಂದೆ ದೊಡ್ಡ ಭೌತವಿಜ್ಞಾನಿ ಆದರು. ಸಾಪೇಕ್ಷತಾ ಸಿದ್ಧಾಂತ ಓದೋರು ಇವತ್ತಿಗೂ ಹಿಡಿಯೋ ಪಠ್ಯಪುಸ್ತಕ ರಾಬರ್ಟ್ ವಾಲ್ಡ್ ಅವರದು.

ವಾಲ್ಡ್ ಕೇಳಿದ್ದು, ಎರಡರಲ್ಲಿ ಯಾವುದು ನಿಜ ಅಂತ. ಹಳ್ಳದ ಪ್ರಶ್ನೆ ಸ್ವಲ್ಪ ಬೇರೆ: ಇಷ್ಟು ದಿನ ಒಂದಿತ್ತು, ಯಾವುದೋ ಒಂದು ಗಳಿಗೆಯಲ್ಲಿ ಇನ್ನೊಂದಾಗುತ್ತೆ, ಆ ಗಳಿಗೆಯನ್ನು ಬೇಗ ಹಿಡೀಬೇಕು. 1954ರಲ್ಲಿ ಇಂಗ್ಲೆಂಡಿನ ಇ. ಎಸ್. ಪೇಜ್ ಇದಕ್ಕೆ ಒಂದು ಉಪಾಯ ಕೊಟ್ಟರು. ಅದೇ ನಾವು ಕುಸಮ್ ಅಂತ ಕರೆಯೋದು. ವಾಲ್ಡ್ ಅವರ ಪರೀಕ್ಷೆಯನ್ನೇ, ಉತ್ತರ ಇಲ್ಲ ಅಂತ ಬಂದಾಗೆಲ್ಲ ಸೊನ್ನೆಯಿಂದ ಮತ್ತೆ ಶುರು ಮಾಡಿದ ಹಾಗೆ ಅದು. ಗುಣಿಸೋ ಬದಲು ಲಾಗ್ ತೆಗೆದು ಕೂಡಿಸ್ತಾ ಹೋಗೋದು.

ಒಂದು ಸಣ್ಣ ಲೆಕ್ಕ ಮಾಡೋಣ. ಹಳ್ಳ ಸುಮ್ಮನಿದ್ದಾಗ ರೀಡಿಂಗಿನ ಸರಾಸರಿ 0, ಬಂದಾಗ 1, ಗದ್ದಲದ ಪ್ರಮಾಣ ಎರಡಕ್ಕೂ 1 ಅಂತ ಇಟ್ಕೊಳ್ಳಿ. ಆಗ ಪ್ರತಿ ರೀಡಿಂಗಿನಿಂದ 0.5 ಕಳೆದು, ಉಳಿದದ್ದನ್ನು ಅಂಕಕ್ಕೆ ಕೂಡಿಸಬೇಕು. ಅಂಕ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆ ಅಂತಲೇ ಬರ್ಕೊಬೇಕು. ರೀಡಿಂಗ್‌ಗಳು 0.2, -0.4, 0.9, 1.4, 1.1, 1.8 ಬಂದವು ಅನ್ನಿ. ಅಂಕ 0, 0, 0.4, 1.3, 1.9, 3.2 ಅಂತ ಏರುತ್ತೆ. ಗೆರೆ 3ಕ್ಕೆ ಎಳೆದಿದ್ದರೆ ಆರನೇ ರೀಡಿಂಗಿಗೆ ಸೈರನ್. ಎಮ್ಮೆ ಒಮ್ಮೆ ನೀರಿಗಿಳಿದರೆ ಅಂಕ ಸ್ವಲ್ಪ ಏರಿ ಮತ್ತೆ ಸೊನ್ನೆಗೆ ಜಾರುತ್ತೆ. ಹಳ್ಳ ಬಂದರೆ ಜಾರೋದಿಲ್ಲ.

ಇದರಲ್ಲಿ ಬ್ಯಾಟರಿಗೂ ದಾರಿ ಇದೆ. ಅಂಕ ಸೊನ್ನೆ ಹತ್ತಿರ ಇದ್ದಾಗ ಸೆನ್ಸರ್ ಉದ್ದಕ್ಕೆ ಮಲಗಬಹುದು. ಅಂಕ ಏರ್ತಾ ಹೋದ ಹಾಗೆ ಬೇಗ ಬೇಗ ಎದ್ದು ನೋಡಬೇಕು. ಅಳೆಯೋದು, ಕೂಡಿಸೋದಕ್ಕಿಂತ ರೇಡಿಯೋದಲ್ಲಿ ಕಳಿಸೋದಕ್ಕೇ ಸಾಮಾನ್ಯವಾಗಿ ಹೆಚ್ಚು ಚಾರ್ಜ್ ಖರ್ಚು. ಆದ್ದರಿಂದ ಲೆಕ್ಕ ಅಲ್ಲೇ ಮುಗಿಸಿ, ಅಂಕ ಒಂದು ಗೆರೆ ದಾಟಿದಾಗ ಮಾತ್ರ ಕಳಿಸಬೇಕು. ಬಿಸಿಲಿನ ದಿನ ಬಂದ ಚಾರ್ಜನ್ನು ಅಂದೇ ಖರ್ಚು ಮಾಡದೆ ಮೋಡದ ದಿನಕ್ಕೆ ಗಂಟು ಕಟ್ಟಿಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಸೆನ್ಸರ್‌ಗಳು ಸೋಲಾರ್ ಚಾರ್ಜನ್ನು ಹೇಗೆ ಹಂಚಿಕೊಳ್ಳಬೇಕು, ಕಡಿಮೆ ಶಕ್ತಿಯಲ್ಲಿ ಬದಲಾವಣೆಯನ್ನು ಹೇಗೆ ಬೇಗ ಹಿಡೀಬೇಕು ಅನ್ನೋದರ ಮೇಲೆ ಗಟ್ಟಿ ಕೆಲಸ ನಡೆದಿದೆ. ಆ ಪ್ರಬಂಧಗಳ ಬೇರು ಹುಡುಕ್ತಾ ಹೋದರೆ ಸಿಗೋದು ವಾಲ್ಡ್ ಅವರೇ.

ಆದರೆ ಗೆರೆ 3ಕ್ಕೆ ಎಳೀಬೇಕಾ, 5ಕ್ಕಾ? ಮೇಲೆ ಎಳೆದರೆ ಸುಳ್ಳು ಸೈರನ್ ಕಡಿಮೆ, ನಿಜವಾದ ಸೈರನ್ ತಡ. ಕೆಳಗೆ ಎಳೆದರೆ ತಿರುವುಮುರುವು. ಯಾವ ತಪ್ಪಿಗೆ ಎಷ್ಟು ಬೆಲೆ ಅಂತ ವಾಲ್ಡ್ ಅವರ ಗಣಿತ ತಾನಾಗಿ ಹೇಳೋದಿಲ್ಲ, ಆ ಬೆಲೆಯನ್ನು ನಾವೇ ತಂದು ಹಾಕಬೇಕು. ಲ್ಯಾಬಿನಲ್ಲಿ ಕೂತರೆ ಅದು ಸಿಗಲ್ಲ. ಹಳ್ಳದ ದಂಡಿಗೆ ಹೊಲ ಇರೋರನ್ನ ಕೇಳಬೇಕು: ದನ ಬಿಚ್ಚಿ, ಪಂಪ್‌ಸೆಟ್ಟಿನ ಮೋಟಾರು ಎತ್ತಿ, ಮಕ್ಕಳನ್ನು ಕರ್ಕೊಂಡು ಮೇಲೆ ಬರೋಕೆ ನಿಮಗೆ ಎಷ್ಟು ಹೊತ್ತು ಬೇಕ್ರಿ, ವರ್ಷಕ್ಕೆ ಎಷ್ಟು ಸಲ ಸುಮ್ನೆ ಎಬ್ಬಿಸಿದರೆ ತಡ್ಕೋತೀರಿ ಅಂತ. ಅವರು ಹೇಳೋ ಆ ಎರಡು ಅಂಕಿ ಕೈಗೆ ಬಂದ ಮೇಲೇ ಗೆರೆ ಎಳೆಯೋದು.